ಸಣ್ಣ ಅಂಗಡಿಯ ಆಸ್ತಿ ತೆರಿಗೆ: ಕಲಬುರಗಿ, ಬೀದರ್, ಯಾದಗಿರಿಯವರು ಹೊರೆ ಇಳಿಸಿಕೊಳ್ಳುವುದು ಹೇಗೆ?

‘ಸಣ್ಣ ದುಕಾನ್ ಅದ ರೀ, ಟ್ಯಾಕ್ಸಿನಾಗ ಏನರ ಕಮ್ಮಿ ಆಗ್ತದೇನ್ರಿ?’

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕಿರಾಣಿ ಅಂಗಡಿಯವರು ಕೇಳುತ್ತಾರೆ, ಟೇಲರ್‌ಗಳು ಕೇಳುತ್ತಾರೆ, ಮನೆ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಇಟ್ಟುಕೊಂಡವರು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ‘ಸಣ್ಣ ವ್ಯಾಪಾರಿ’ ಎಂಬ ಒಂದೇ ಕಾರಣಕ್ಕೆ ತೆರಿಗೆ ಮಾಫಿ ಆಗುತ್ತದೆ ಎಂದು ಯಾರಾದರೂ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. ಉದ್ಯಮ್ ನೋಂದಣಿ ಪತ್ರ ಇದ್ದರೆ ಬ್ಯಾಂಕ್ ಸಾಲಕ್ಕೆ, ಕೆಲವು ಯೋಜನೆಗಳಿಗೆ ಅನುಕೂಲ ಆಗುತ್ತದೆ. ಆದರೆ ಅದನ್ನು ತೋರಿಸಿದ ಮಾತ್ರಕ್ಕೆ ಆಸ್ತಿ ತೆರಿಗೆ ಇಳಿಯುವುದಿಲ್ಲ. ‘ನಮಗೆ 371ಜೆ ಇದೆಯಲ್ಲ?’ ಎಂದೂ ಸುಮಾರು ಜನ ಕೇಳುತ್ತಾರೆ. ಸಂವಿಧಾನದ ಆ ವಿಧಿ ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗದಲ್ಲಿ, ಶಿಕ್ಷಣದಲ್ಲಿ ಮೀಸಲಾತಿ ಮತ್ತು ಈ ಭಾಗದ ಅಭಿವೃದ್ಧಿ ಮಂಡಳಿಗೆ ಸಂಬಂಧಿಸಿದ್ದು. ಅಂಗಡಿ ತೆರಿಗೆಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಉಳಿತಾಯ ಎಲ್ಲಿದೆ? ಬಹಳಷ್ಟು ಸಣ್ಣ ಅಂಗಡಿಗಳವರು ಕಟ್ಟಬೇಕಾದದ್ದಕ್ಕಿಂತ ಜಾಸ್ತಿ ಕಟ್ಟುತ್ತಿದ್ದಾರೆ. ಕಾರಣ, ಕಚೇರಿಯ ದಾಖಲೆಯಲ್ಲಿ ಅಳತೆ ತಪ್ಪಿರುತ್ತದೆ, ಬಳಕೆ ತಪ್ಪಿರುತ್ತದೆ, ಕಟ್ಟಡದ ವಯಸ್ಸು ತಪ್ಪಿರುತ್ತದೆ. ಅದನ್ನು ಸರಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು. ಅದರ ಜೊತೆಗೆ ಕಾನೂನಿನಲ್ಲೇ ಇರುವ 5% ರಿಯಾಯಿತಿ ಮತ್ತು ಆದಾಯ ತೆರಿಗೆಯಲ್ಲಿ ಸಿಗುವ ಕಡಿತ ಸೇರಿಸಿದರೆ ಕೈಯಲ್ಲಿ ಉಳಿಯುವ ದುಡ್ಡು ಸಣ್ಣದಲ್ಲ.

ಹಂತ 1: ತೆರಿಗೆ ಯಾರಿಗೆ ಕಟ್ಟುತ್ತಿದ್ದೀರಿ ನೋಡಿಕೊಳ್ಳಿ

ಕಲಬುರಗಿ ನಗರದಲ್ಲಿ ಮಹಾನಗರ ಪಾಲಿಕೆ. ಯಾದಗಿರಿ, ಶಹಾಪುರ, ಸುರಪುರ, ಬಸವಕಲ್ಯಾಣದಂಥ ಊರುಗಳಲ್ಲಿ ನಗರಸಭೆ. ಅದಕ್ಕಿಂತ ಚಿಕ್ಕ ಪಟ್ಟಣಗಳಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಪಾಲಿಕೆಗೆ 1976ರ ಕಾಯ್ದೆ, ನಗರಸಭೆ–ಪುರಸಭೆಗಳಿಗೆ 1964ರ ಕಾಯ್ದೆ. ಲೆಕ್ಕ ಹಾಕುವ ಕ್ರಮ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಊರ ಹೊರಗಿನ ರಸ್ತೆ ಬದಿಯ ಅಂಗಡಿಯಾದರೆ ಅದು ಗ್ರಾಮ ಪಂಚಾಯಿತಿಗೆ ಸೇರಿರಬಹುದು. ಅಲ್ಲಿ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11. ದರ, ಕ್ರಮ ಎಲ್ಲ ಬೇರೆ. ಈ ಲೇಖನದ ಲೆಕ್ಕ ಅದಕ್ಕೆ ಅನ್ವಯಿಸಬೇಡಿ. ಆದರೆ ಅಳತೆ ಪರೀಕ್ಷಿಸುವ ಹಂತ ನಿಮಗೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಆಸ್ತಿ ತೆರಿಗೆ ಬೇರೆ, ಉದ್ದಿಮೆ ಪರವಾನಗಿ ಶುಲ್ಕ ಬೇರೆ. ಮೊದಲನೆಯದು ಕಟ್ಟಡಕ್ಕೆ, ಎರಡನೆಯದು ನೀವು ಮಾಡುವ ವ್ಯಾಪಾರಕ್ಕೆ. ‘ಲೈಸನ್ಸ್ ದುಡ್ಡು ಕಟ್ಟಿದ್ದೀನಲ್ಲ’ ಎಂದು ಆಸ್ತಿ ತೆರಿಗೆ ಬಿಟ್ಟವರ ಬಾಕಿ ವರ್ಷಗಟ್ಟಲೆ ಬೆಳೆದಿರುವುದುಂಟು.

ಹಂತ 2: ಕಾಗದ ಕೂಡಿಸಿಕೊಳ್ಳಿ

ಕಚೇರಿಗೆ ಹೋಗುವ ಮುಂಚೆ ಮನೆಯಲ್ಲೇ ಇವನ್ನು ಒಂದು ಫೈಲಿಗೆ ಹಾಕಿ:

- ಕಳೆದ ಮೂರು ವರ್ಷದ ತೆರಿಗೆ ರಸೀದಿ ಅಥವಾ ಚಲನ್
- ಇ-ಖಾತೆ ಪ್ರತಿ. ಪಾಲಿಕೆಯಾದರೆ ನಮೂನೆ 2, ನಗರಸಭೆ–ಪುರಸಭೆಯಾದರೆ ನಮೂನೆ 3
- ಕ್ರಯಪತ್ರ ಅಥವಾ ಪಾಲುಪತ್ರ
- ಕಟ್ಟಡ ಪರವಾನಗಿ ಮತ್ತು ನಕ್ಷೆ, ಇದ್ದರೆ
- ಜೆಸ್ಕಾಂ ಬಿಲ್. ಮನೆಗೆ, ಅಂಗಡಿಗೆ ಬೇರೆ ಬೇರೆ ಮೀಟರ್ ಇದ್ದರೆ ಎರಡೂ
- ಬಾಡಿಗೆಗೆ ಕೊಟ್ಟಿದ್ದರೆ ಕರಾರುಪತ್ರ
- ಅಂಗಡಿಯ ಮುಂಭಾಗ, ಒಳಭಾಗ, ಚಾವಣಿ ಕಾಣುವ ಫೋಟೋ

ಖಾತೆ ಅಂದರೆ ತೆರಿಗೆ ಕಟ್ಟುವ ಹೊಣೆ ಯಾರದು ಎಂದು ಕಚೇರಿ ಬರೆದಿಟ್ಟುಕೊಂಡ ಲೆಕ್ಕ. ಅದು ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಿ. ಆ ಕೆಲಸ ಆಗದಿದ್ದರೆ ಬೇರೆ ತಿದ್ದುಪಡಿ ಅರ್ಜಿಗಳು ಮುಂದೆ ಸರಿಯುವುದು ಕಷ್ಟ. ನಮ್ಮ ಕಡೆ ಇದನ್ನು ‘ಮುಟೇಶನ್’ ಅಂತಲೇ ಕರೆಯುವುದು. ಕೌಂಟರಿನಲ್ಲೂ ಹಾಗೇ ಕೇಳಿ, ತಕ್ಷಣ ಗೊತ್ತಾಗುತ್ತದೆ.

ಹಂತ 3: ನಿಮ್ಮ ತೆರಿಗೆ ಹೇಗೆ ಬಂತು, ಓದಿ ತಿಳಿದುಕೊಳ್ಳಿ

ಚಲನ್ನಿನ ಕೊನೆಯ ಸಾಲಿನ ಮೊತ್ತ ನೋಡಿ ದುಡ್ಡು ಎಣಿಸುವುದು ನಮ್ಮೆಲ್ಲರ ಅಭ್ಯಾಸ. ಈ ಸಲ ಮೇಲಿನಿಂದ ಓದಿ.

ನಮ್ಮಲ್ಲಿ ಇರುವುದು ಸ್ವಯಂ ಘೋಷಿತ ಪದ್ಧತಿ. ಅಂದರೆ ನಿಮ್ಮ ಕಟ್ಟಡದ ವಿವರ ನೀವೇ ಘೋಷಿಸಿ, ಅದರ ಮೇಲೆ ತೆರಿಗೆ ಕಟ್ಟುವುದು. ಬಹುಪಾಲು ಜನರ ಮೊದಲ ಘೋಷಣೆಯನ್ನು ಬಿಲ್ ಕಲೆಕ್ಟರೋ ಏಜೆಂಟೋ ಬರೆದುಕೊಟ್ಟಿದ್ದಾರೆ. ಸಹಿ ಮಾತ್ರ ನಿಮ್ಮದು. ಆಗ ಬಿದ್ದ ತಪ್ಪು ಇವತ್ತಿಗೂ ಹಾಗೇ ಮುಂದುವರಿಯುತ್ತಿದೆ.

ಲೆಕ್ಕ ಹೀಗೆ ನಡೆಯುತ್ತದೆ. ಮೊದಲು ಜಾಗದ ಬೆಲೆ ಮತ್ತು ಕಟ್ಟಡದ ಬೆಲೆ. ಇದಕ್ಕೆ ಆಧಾರ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ. ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಬೆಲೆ. ಕಟ್ಟಡದ ಬೆಲೆಯಲ್ಲಿ ಅದರ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಸವಕಳಿ ಅಂದರೆ ಹಳೆಯದಾದಷ್ಟೂ ಬೆಲೆ ಇಳಿಯುವುದು. 2021ರ ತಿದ್ದುಪಡಿಯ ನಂತರ ಹೀಗೆ ಬಂದ ಬೆಲೆಯ 25% ಭಾಗವನ್ನು ತೆರಿಗೆಗೆ ಹಿಡಿಯುತ್ತಾರೆ. ಅದರ ಮೇಲೆ ದರ. ವಾಸದ ಮನೆಗೆ ಒಂದು ದರ, ವಾಣಿಜ್ಯಕ್ಕೆ ಅದಕ್ಕಿಂತ ಜಾಸ್ತಿ ದರ. ಕಾನೂನಿನ ಮಿತಿಯೊಳಗೆ ಈ ದರವನ್ನು ನಿಮ್ಮ ಪಾಲಿಕೆ ಅಥವಾ ನಗರಸಭೆಯೇ ನಿಗದಿ ಮಾಡುತ್ತದೆ. ಆದ್ದರಿಂದ ಈ ವರ್ಷದ ದರಪಟ್ಟಿಯನ್ನು ಕಂದಾಯ ಶಾಖೆಯಲ್ಲಿ ಕೇಳಿ ಪಡೆಯಿರಿ.

ಹೀಗೆ ಬಂದ ತೆರಿಗೆಯ ಮೇಲೆ ಉಪಕರಗಳು ಸೇರುತ್ತವೆ. ಆರೋಗ್ಯ ಉಪಕರ 15%, ಗ್ರಂಥಾಲಯ ಉಪಕರ 6%, ಭಿಕ್ಷುಕರ ಉಪಕರ 3%. ಇವು ಮೂರೇ 24% ಆಯಿತು. ಕಸ ವಿಲೇವಾರಿಗೆ ಬೇರೆ ಶುಲ್ಕ ಇರುತ್ತದೆ. ಮೂಲ ತೆರಿಗೆ ಒಂದು ರೂಪಾಯಿ ಇಳಿದರೆ ನಿಮಗೆ ಸುಮಾರು ಒಂದೂಕಾಲು ರೂಪಾಯಿ ಉಳಿಯುತ್ತದೆ ಎಂದು ಇದರರ್ಥ.

2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. ‘ಏನೂ ಕಟ್ಟಿಸಿಲ್ಲ, ತೆರಿಗೆ ಯಾಕೆ ಏರಿತು?’ ಎಂದು ಕೇಳುವವರು ಮೊದಲು ತಮ್ಮ ರಸ್ತೆಯ ಮಾರ್ಗಸೂಚಿ ದರ ಬದಲಾಗಿದೆಯೇ ನೋಡಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಊರು, ಬಡಾವಣೆ ಆರಿಸಿ ದರ ನೋಡಬಹುದು.

ಹಂತ 4: ಟೇಪ್ ಹಿಡಿದು ಅಳೆಯಿರಿ

ಇದನ್ನು ಬೇರೆಯವರಿಗೆ ಬಿಡಬೇಡಿ. ಇಬ್ಬರಿದ್ದರೆ ಅರ್ಧ ಗಂಟೆಯ ಕೆಲಸ.

ಶಟರ್ ಇರುವ ಗೋಡೆಯ ಹೊರಮೈಯಿಂದ ಹಿಂದಿನ ಗೋಡೆಯ ಹೊರಮೈವರೆಗೆ ಉದ್ದ. ಅಡ್ಡಕ್ಕೂ ಹಾಗೇ. ಒಂದು ಕಾಗದದ ಮೇಲೆ ಪ್ರತಿ ಅಂತಸ್ತಿನ ಚಿತ್ರ ಬರೆದು, ಕೋಣೆ ಕೋಣೆಯ ಅಳತೆ ಗುರುತಿಸಿ. ಮೆಟ್ಟಿಲು, ಹಿಂದಿನ ಪತ್ರಾ ಶೆಡ್ಡು, ಮೇಲಿನ ನೀರಿನ ಟ್ಯಾಂಕಿನ ಕೋಣೆ, ಒಂದೂ ಬಿಡಬೇಡಿ. ನಿಮಗೆ ಜಾಸ್ತಿ ಆಗುವ ಭಾಗವನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಅರ್ಜಿ ಕೊಟ್ಟ ಮೇಲೆ ನಿರೀಕ್ಷಕರು ಬಂದು ಅಳೆಯುತ್ತಾರೆ. ನಿಮ್ಮ ಚಿತ್ರಕ್ಕೂ ಅವರ ಟೇಪಿಗೂ ತಾಳೆಯಾದರೆ ಉಳಿದ ಮಾತಿಗೂ ಬೆಲೆ ಬರುತ್ತದೆ.

ಈಗ ಖಾತೆಯಲ್ಲಿ ಇರುವ ಸಂಖ್ಯೆಯ ಜೊತೆ ಹೋಲಿಸಿ. ಹುಡುಕಬೇಕಾದ ತಪ್ಪುಗಳು ಇವು.

ಒಂದು, ಚದರ ಅಡಿ ಮತ್ತು ಚದರ ಮೀಟರ್ ಅದಲುಬದಲು. ಒಂದು ಚದರ ಮೀಟರ್ ಅಂದರೆ 10.76 ಚದರ ಅಡಿ. 200 ಚದರ ಅಡಿಯ ಅಂಗಡಿಯನ್ನು 200 ಚದರ ಮೀಟರ್ ಎಂದು ಟೈಪ್ ಮಾಡಿದರೆ ಅದು 2,150 ಚದರ ಅಡಿಯ ಗೋದಾಮು ಆಗಿಬಿಡುತ್ತದೆ. ಕೈಬರಹದ ವಹಿಯಿಂದ ಕಂಪ್ಯೂಟರಿಗೆ ಏರಿಸುವಾಗ ಇಂಥದ್ದು ಸುಲಭವಾಗಿ ಆಗುತ್ತದೆ.

ಎರಡು, ರಸ್ತೆ ಅಗಲೀಕರಣ. ಅಂಗಡಿಯ ಮುಂದಿನ ಆರೋ ಎಂಟೋ ಅಡಿ ಒಡೆದುಹೋಗಿ ವರ್ಷಗಳಾಗಿರುತ್ತವೆ. ದಾಖಲೆಯಲ್ಲಿ ಮಾತ್ರ ಹಳೆ ಅಳತೆಯೇ ನಿಂತಿರುತ್ತದೆ. ಇಲ್ಲದ ಗೋಡೆಗೆ ತೆರಿಗೆ ಕಟ್ಟುತ್ತಾ ಹೋಗುವುದು ಎಷ್ಟು ಅನ್ಯಾಯ ನೋಡಿ. ಪರಿಹಾರದ ನೋಟಿಸು ಅಥವಾ ಆಗಿನ ಫೋಟೋ ಇದ್ದರೆ ಲಗತ್ತಿಸಿ.

ಮೂರು, ಅಣ್ಣತಮ್ಮಂದಿರ ಪಾಲು. ಪಾಲಾಗಿ ಖಾತೆ ಬೇರೆಯಾದರೂ ಪೂರ್ತಿ ಕಟ್ಟಡದ ವಿಸ್ತೀರ್ಣ ಒಬ್ಬರ ಮೇಲೆಯೇ ಉಳಿದಿರುವುದುಂಟು.

ಹಂತ 5: ಮನೆ ಎಷ್ಟು, ಅಂಗಡಿ ಎಷ್ಟು, ಬೇರೆ ಮಾಡಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

ಕಲಬುರಗಿಯ ಬ್ರಹ್ಮಪುರವೋ ಶಹಾಬಜಾರೋ, ನಮ್ಮ ಹಳೆ ಓಣಿಗಳಲ್ಲಿ ಮನೆಗಳು ಹೇಗಿವೆ? ರಸ್ತೆಗೆ ಒಂದು ಶಟರ್. ಅದರ ಪಕ್ಕ ಒಳಗೆ ಹೋಗುವ ಬಾಗಿಲು. ಹಿಂದೆ ಅಡುಗೆ ಮನೆ, ಮೇಲೆ ಎರಡು ಕೋಣೆ. ಶಟರ್ ಕಂಡ ಕೂಡಲೇ ದಾಖಲೆಯಲ್ಲಿ ಇಡೀ ಕಟ್ಟಡಕ್ಕೆ ‘ವಾಣಿಜ್ಯ’ ಎಂದು ಬರೆದುಬಿಟ್ಟಿದ್ದರೆ, ನೀವು ಮಲಗುವ ಕೋಣೆಗೂ ಅಂಗಡಿ ದರ ಕಟ್ಟುತ್ತೀರಿ.

ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ದರ ಮತ್ತು ಬೆಲೆ ಉದಾಹರಣೆಗೆ ಹಿಡಿದವು, ನಿಮ್ಮ ಊರಿನದು ಬೇರೆ ಇರುತ್ತದೆ. ಜಾಗ 20×30 ಅಡಿ. ಕೆಳಗೆ 600, ಮೇಲೆ 600, ಒಟ್ಟು 1,200 ಚದರ ಅಡಿ ಕಟ್ಟಡ. ಅದರಲ್ಲಿ ಅಂಗಡಿ 10×20, ಅಂದರೆ 200 ಚದರ ಅಡಿ. ತೆರಿಗೆಗೆ ಹಿಡಿದ ಬೆಲೆ 6 ಲಕ್ಷ ರೂಪಾಯಿ. ವಾಣಿಜ್ಯ ದರ 1%, ವಾಸದ ದರ 0.5% ಎಂದಿಟ್ಟುಕೊಳ್ಳಿ.

ಪೂರ್ತಿ ವಾಣಿಜ್ಯ ಎಂದಿದ್ದರೆ ತೆರಿಗೆ 6,000 ರೂಪಾಯಿ.

ಬೇರೆ ಮಾಡಿದರೆ? ಅಂಗಡಿ ಆರರಲ್ಲಿ ಒಂದು ಪಾಲು. 1 ಲಕ್ಷಕ್ಕೆ 1%, 1,000 ರೂಪಾಯಿ. ಮನೆ ಐದು ಪಾಲು. 5 ಲಕ್ಷಕ್ಕೆ 0.5%, 2,500 ರೂಪಾಯಿ. ಒಟ್ಟು 3,500.

ಮೂಲ ತೆರಿಗೆಯಲ್ಲೇ 2,500 ಇಳಿಯಿತು. ಅದರ ಮೇಲಿನ 24% ಉಪಕರ 600. ವರ್ಷಕ್ಕೆ 3,100 ರೂಪಾಯಿ ವ್ಯತ್ಯಾಸ. ಇದು ಪ್ರತಿ ವರ್ಷದ ಮಾತು.

ಇದಕ್ಕೆ ಸಾಕ್ಷಿ ಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕರೆಂಟ್ ಮೀಟರ್. ಮನೆಗೊಂದು, ಅಂಗಡಿಗೊಂದು ಮೀಟರ್ ಇದ್ದರೆ ಬಳಕೆ ಬೇರೆ ಎಂದು ಜೆಸ್ಕಾಂ ಬಿಲ್ಲೇ ಹೇಳುತ್ತದೆ. ಇಡೀ ಕಟ್ಟಡಕ್ಕೆ ಒಂದೇ ವಾಣಿಜ್ಯ ಮೀಟರ್ ಇದ್ದರೆ ಮೊದಲು ಮನೆಗೆ ಬೇರೆ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿಯೂ ಗೃಹ ಬಳಕೆಯ ಮೀಟರಿಗೆ ಮಾತ್ರ ಸಿಗುತ್ತದೆ, ಆ ಲೆಕ್ಕದಲ್ಲೂ ಲಾಭವೇ. ಜೊತೆಗೆ ಮನೆಯ ಭಾಗದ ಫೋಟೋ, ಆ ವಿಳಾಸದ ಗ್ಯಾಸ್ ಕಾರ್ಡು, ಪಡಿತರ ಚೀಟಿ ಇಟ್ಟುಕೊಳ್ಳಿ.

ಎಚ್ಚರಿಕೆ ಎರಡು. ಅಂಗಡಿಯ ಸರಕು ತುಂಬಿಟ್ಟ ಹಿಂದಿನ ಕೋಣೆ ಗೋದಾಮು, ಅದನ್ನು ಮನೆ ಎಂದು ಬರೆಯಬೇಡಿ. ಮತ್ತೆ, ಅಂಗಡಿ ಮುಚ್ಚಿ ಆ ಕೋಣೆಯನ್ನು ವಾಸಕ್ಕೆ ಬಳಸುತ್ತಿದ್ದರೆ ಮೊದಲು ಉದ್ದಿಮೆ ಪರವಾನಗಿ ರದ್ದು ಮಾಡಿಸಿ, ಆಮೇಲೆ ಬಳಕೆ ಬದಲಾವಣೆಗೆ ಅರ್ಜಿ ಕೊಡಿ. ಪರವಾನಗಿ ಚಾಲ್ತಿಯಲ್ಲಿ ಇಟ್ಟುಕೊಂಡು ‘ಅಂಗಡಿ ಇಲ್ಲ’ ಎಂದರೆ ಯಾರೂ ಒಪ್ಪುವುದಿಲ್ಲ.

ದೇವಸ್ಥಾನ, ದರ್ಗಾ, ಮಠದ ಜಾಗದಲ್ಲಿ ಅಂಗಡಿ ಇಟ್ಟವರಿಗೂ ಒಂದು ಮಾತು. ಪೂಜೆ, ಪ್ರಾರ್ಥನೆ ನಡೆಯುವ ಕಟ್ಟಡಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬಾಡಿಗೆಗೆ ಕೊಟ್ಟ ಮಳಿಗೆಗೆ ಆ ವಿನಾಯಿತಿ ಬರುವುದಿಲ್ಲ.

ಹಂತ 6: ವಯಸ್ಸು, ಚಾವಣಿ, ರಸ್ತೆ – ಈ ಮೂರು ಪರೀಕ್ಷಿಸಿ

ವಯಸ್ಸು: ಕಟ್ಟಿದ ವರ್ಷ ತಪ್ಪಿದ್ದರೆ ಸವಕಳಿ ಕಡಿಮೆ ಸಿಗುತ್ತದೆ. ಮೂವತ್ತು ವರ್ಷದ ಅಂಗಡಿಗೆ, ಖಾತೆ ಗಣಕೀಕರಣವಾದ ವರ್ಷವನ್ನೇ ಕಟ್ಟಿದ ವರ್ಷ ಎಂದು ಹಾಕಿಬಿಟ್ಟರೆ ನಿಮ್ಮ ಹಳೆ ಕಟ್ಟಡ ಹೊಸದಾಗುತ್ತದೆ. ಕಟ್ಟಡ ಪರವಾನಗಿ, ಮೊದಲ ತೆರಿಗೆ ರಸೀದಿ, ಕರೆಂಟ್ ಸಂಪರ್ಕ ಪಡೆದ ದಿನಾಂಕ, ಕ್ರಯಪತ್ರದಲ್ಲಿನ ಕಟ್ಟಡದ ವಿವರ – ಇದರಲ್ಲಿ ಯಾವುದಾದರೂ ವಯಸ್ಸು ತೋರಿಸುತ್ತದೆ. ಹಳೆ ರಸೀದಿಗಳನ್ನು ರದ್ದಿಗೆ ಹಾಕಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಚಾವಣಿ: ಕಟ್ಟಡದ ಬೆಲೆ ಅದನ್ನು ಯಾವುದರಿಂದ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಆರ್‌ಸಿಸಿಗೆ ಬೆಲೆ ಜಾಸ್ತಿ, ಪತ್ರಾ ಶೆಡ್ಡಿಗೆ ಕಡಿಮೆ. ನಮ್ಮ ಭಾಗದ ಹಳೆ ಕಟ್ಟಡಗಳಲ್ಲಿ ಶಹಾಬಾದ್ ಕಲ್ಲಿನ ಚಪ್ಪಡಿ ಹೊದಿಸಿದ ಚಾವಣಿ ಬಹಳ. ಹೊರಗಿನಿಂದ ನೋಡಿದವರಿಗೆ ಅದು ಆರ್‌ಸಿಸಿಯಂತೆಯೇ ಕಾಣುತ್ತದೆ. ಒಳಗೆ ನಿಂತು ತಲೆ ಎತ್ತಿದರೆ ಕಂಬಿ, ತೊಲೆ, ಕಲ್ಲಿನ ಸಂದು ಎಲ್ಲ ಕಾಣುತ್ತದೆ. ಫೋಟೋ ಒಳಗಿನಿಂದ ತೆಗೆಯಿರಿ ಎಂದದ್ದು ಈ ಕಾರಣಕ್ಕೆ.

ರಸ್ತೆ: ಮುಖ್ಯ ರಸ್ತೆಯ ಮಾರ್ಗಸೂಚಿ ದರಕ್ಕೂ ಒಳಗಿನ ಅಡ್ಡರಸ್ತೆಯ ದರಕ್ಕೂ ತುಂಬಾ ಅಂತರ. ವಿಳಾಸದಲ್ಲಿ ‘ಸೂಪರ್ ಮಾರ್ಕೆಟ್ ಹತ್ತಿರ’, ‘ಸ್ಟೇಷನ್ ರಸ್ತೆ ಪಕ್ಕ’ ಎಂದು ಬರೆಸಿಕೊಂಡ ಎಷ್ಟೋ ಅಂಗಡಿಗಳು ನಿಜಕ್ಕೂ ಇರುವುದು ಸಂದಿಯಲ್ಲಿ. ಗಿರಾಕಿಗೆ ಗುರುತು ಹೇಳಲು ಆ ವಿಳಾಸ ಸರಿ. ತೆರಿಗೆಗೆ ನಿಮ್ಮ ಬಾಗಿಲು ಯಾವ ರಸ್ತೆಗೆ ತೆರೆಯುತ್ತದೋ ಅದೇ ದಾಖಲಾಗಿರಬೇಕು.

ಇಲ್ಲಿಯೇ ಇನ್ನೊಂದು ನೋಡಿ. ಅನುಮತಿ ಇಲ್ಲದೆ ಕಟ್ಟಿದ ಕಟ್ಟಡಕ್ಕೆ ಇಮ್ಮಡಿ ತೆರಿಗೆ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. 2025ರಲ್ಲಿ ಬಿ-ಖಾತಾ (ಅಂದರೆ ಅನುಮತಿ ಇಲ್ಲದ ಆಸ್ತಿಗಳಿಗೆ ಕೊಡುವ ಬೇರೆ ಖಾತೆ) ಅಭಿಯಾನ ನಡೆದಾಗ, ಮೊದಲ ಸಲ ಇಮ್ಮಡಿ ಕಟ್ಟಿ ನಂತರದ ವರ್ಷಗಳಲ್ಲಿ ಸಾಮಾನ್ಯ ತೆರಿಗೆ ಎಂದು ಸರ್ಕಾರ ಹೇಳಿತ್ತು. ಆಗ ಬಿ-ಖಾತಾ ಪಡೆದಿದ್ದರೆ ಈಗಿನ ಚಲನ್ನಿನಲ್ಲಿ ಮತ್ತೆ ಇಮ್ಮಡಿ ಬಂದಿದೆಯೇ ಪರೀಕ್ಷಿಸಿ.

ಹಂತ 7: ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ

ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಹೇಳದೇ ಇದ್ದ ಹಾಗೆ. ಅರ್ಜಿ ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ. ಕೊಡುವುದು ಕಂದಾಯ ಶಾಖೆಯಲ್ಲಿ. ಉದ್ದ ಬೇಡ. ಇಷ್ಟು ಸಾಕು:

*ವಿಷಯ: ಆಸ್ತಿ ಸಂಖ್ಯೆ ……ರ ಬಳಕೆ ಮತ್ತು ವಿಸ್ತೀರ್ಣ ತಿದ್ದುಪಡಿ ಕುರಿತು.*

*ಮೇಲಿನ ಆಸ್ತಿಯಲ್ಲಿ ನೆಲ ಅಂತಸ್ತಿನ …… ಚದರ ಅಡಿ ಮಾತ್ರ ಅಂಗಡಿಗೆ ಬಳಕೆಯಾಗುತ್ತಿದ್ದು, ಉಳಿದ …… ಚದರ ಅಡಿಯಲ್ಲಿ ನಾವು ವಾಸವಾಗಿದ್ದೇವೆ. ಆದರೆ ದಾಖಲೆಯಲ್ಲಿ ಪೂರ್ತಿ ಕಟ್ಟಡ ವಾಣಿಜ್ಯ ಎಂದು ನಮೂದಾಗಿದೆ. ಸ್ಥಳ ಪರಿಶೀಲನೆ ಮಾಡಿ ದಾಖಲೆ ಸರಿಪಡಿಸಿ, ಪರಿಷ್ಕೃತ ತೆರಿಗೆ ವಿವರ ಕೊಡಬೇಕೆಂದು ಕೋರುತ್ತೇನೆ. ಹಿಂದೆ ಹೆಚ್ಚುವರಿಯಾಗಿ ಕಟ್ಟಿದ ಮೊತ್ತವನ್ನು ಮುಂದಿನ ತೆರಿಗೆಗೆ ಹೊಂದಾಣಿಕೆ ಮಾಡಲು ವಿನಂತಿ. ಅಳತೆಯ ಚಿತ್ರ, ಫೋಟೋ, ವಿದ್ಯುತ್ ಬಿಲ್, ಖಾತೆ ಪ್ರತಿ ಲಗತ್ತಿಸಿದೆ.*

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ಬನ್ನಿ. ಖಾತೆ ಪ್ರತಿ, ಖಾತೆ ಬದಲಾವಣೆಯಂಥ ಸೇವೆಗಳು ಸಕಾಲ ಕಾಯ್ದೆಯ ಕೆಳಗೆ ಬರುತ್ತವೆ. ಅವಕ್ಕೆ ಸಕಾಲದ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ಅರ್ಜಿ ಎಲ್ಲಿ ನಿಂತಿದೆ ಎಂದು ಆ ಸಂಖ್ಯೆಯಿಂದ ಗೊತ್ತಾಗುತ್ತದೆ.

ತಿಂಗಳು ಕಳೆದರೂ ಸುದ್ದಿ ಇಲ್ಲವೇ? ಜಗಳ ಬೇಡ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎಂದಷ್ಟೇ ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು.

ಈ ಕೆಲಸಕ್ಕೆ ಒಳ್ಳೆಯ ಸಮಯ ಡಿಸೆಂಬರ್‌ನಿಂದ ಫೆಬ್ರವರಿ. ಮಾರ್ಚಿನಲ್ಲಿ ಸಿಬ್ಬಂದಿಯೆಲ್ಲ ವಸೂಲಿಗೆ ಓಡಾಡುತ್ತಿರುತ್ತಾರೆ. ಸ್ಥಳ ಪರಿಶೀಲನೆಗೆ ಬರುವವರು ಸಿಗುವುದೇ ಇಲ್ಲ.

ಹಂತ 8: ಏಪ್ರಿಲಿನಲ್ಲಿ ಕಟ್ಟಿ

ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ಶುರು. ಏಪ್ರಿಲ್ ಒಳಗೆ ಪೂರ್ತಿ ವರ್ಷದ ತೆರಿಗೆ ಕಟ್ಟಿದರೆ 5% ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ 2% ದಂಡ.

10,000 ರೂಪಾಯಿ ತೆರಿಗೆ ಎಂದರೆ ಏಪ್ರಿಲಿನಲ್ಲಿ 9,500. ಮಾರ್ಚಿಗೆ ತಳ್ಳಿದರೆ ಒಂಬತ್ತು ತಿಂಗಳ ದಂಡ ಸೇರಿ 11,800. ಅಂತರ 2,300. ಇಷ್ಟು ಬಡ್ಡಿಗೆ ಸಾಲ ತಂದು ವ್ಯಾಪಾರ ಮಾಡುತ್ತೀರಾ? ಇಲ್ಲ ಅಲ್ವಾ, ಹಾಗಾದರೆ ಇದನ್ನೂ ಬೆಳೆಯಲು ಬಿಡಬೇಡಿ.

ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿ ಮುಂದಕ್ಕೆ ಹಾಕಿದ್ದುಂಟು. ಅದನ್ನೇ ನಂಬಿ ಕೂರಬೇಡಿ. ‘ದಂಡ ಮನ್ನಾ ಆಗುತ್ತಂತೆ’ ಎಂಬ ಗಾಳಿಸುದ್ದಿಗೂ ಕಾಯಬೇಡಿ.

ತಿದ್ದುಪಡಿ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ ಎಂದು ತೆರಿಗೆ ನಿಲ್ಲಿಸುವುದು ನಾನು ನೋಡಿದ ದೊಡ್ಡ ತಪ್ಪು. ಅರ್ಜಿ ಅರ್ಜಿಯ ಪಾಡಿಗೆ ನಡೆಯಲಿ, ತೆರಿಗೆ ಕಟ್ಟಿಬಿಡಿ. ‘ತಕರಾರು ಅರ್ಜಿ ಬಾಕಿ ಇದ್ದು, ಅದಕ್ಕೆ ಒಳಪಟ್ಟು ಪಾವತಿಸುತ್ತಿದ್ದೇನೆ’ ಎಂದು ಒಂದು ಸಾಲಿನ ಪತ್ರ ಕೊಟ್ಟು ಅದಕ್ಕೂ ಸ್ವೀಕೃತಿ ಪಡೆಯಿರಿ. ದಂಡ ಬೆಳೆಯುವುದಿಲ್ಲ, ನಿಮ್ಮ ಹಕ್ಕೂ ಉಳಿಯುತ್ತದೆ.

ಕಚೇರಿಗೆ ಹೋಗುವವರು ಹೊತ್ತು ನೋಡಿಕೊಂಡು ಹೋಗಿ. ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುವುದು ರೂಢಿ. ಅಂಗಡಿ ಊಟಕ್ಕೆ ಮುಚ್ಚಿ ಎರಡು ಗಂಟೆಗೆ ಹೋದರೆ ಬಾಗಿಲು ಹಾಕಿರುತ್ತದೆ. ಎಂಟು ಗಂಟೆಗೇ ಹೋಗಿ, ಸಾಲು ಚಿಕ್ಕದು, ಬಿಸಿಲೂ ಕಡಿಮೆ. ಕಲಬುರಗಿಯವರಿಗೆ ಕರ್ನಾಟಕ ಒನ್ ಕೇಂದ್ರಗಳೂ ಇವೆ. ಆನ್‌ಲೈನ್‌ನಲ್ಲಿ ಕಟ್ಟುವವರು ಏಪ್ರಿಲ್ ಕೊನೆಯ ಎರಡು ದಿನಕ್ಕೆ ಬಿಡಬೇಡಿ. ಆಗ ಸರ್ವರ್ ತಿರುಗುತ್ತಲೇ ಇರುತ್ತದೆ. ಖಾತೆಯಿಂದ ದುಡ್ಡು ಹೋಗಿ ರಸೀದಿ ಬರದಿದ್ದರೆ ಆತುರಕ್ಕೆ ಎರಡನೇ ಸಲ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಕಂದಾಯ ಶಾಖೆಯಲ್ಲಿ ವಿಚಾರಿಸಿ.

ದುಡ್ಡನ್ನು ಯಾರ ಕೈಗೂ ರಸೀದಿ ಇಲ್ಲದೆ ಕೊಡಬೇಡಿ. ರಸೀದಿಯಲ್ಲಿ ಆಸ್ತಿ ಸಂಖ್ಯೆ, ವರ್ಷ, ಹೆಸರು ಮೂರೂ ಸರಿ ಇದೆಯೇ ಅಲ್ಲೇ ನಿಂತು ನೋಡಿ. ಒಂದು ಅಂಕಿ ತಪ್ಪಿದರೆ ನಿಮ್ಮ ದುಡ್ಡು ಬೇರೆಯವರ ಖಾತೆಗೆ ಜಮಾ ಆಗಿರುತ್ತದೆ.

ಹಂತ 9: ಆದಾಯ ತೆರಿಗೆಯಲ್ಲಿ ತೋರಿಸಿ

ಸ್ವಂತ ಕಟ್ಟಡದಲ್ಲಿ ವ್ಯಾಪಾರ ಮಾಡುತ್ತಿದ್ದರೆ ಅಂಗಡಿ ಭಾಗದ ಆಸ್ತಿ ತೆರಿಗೆ ವ್ಯಾಪಾರದ ಖರ್ಚು. ಬಾಡಿಗೆಗೆ ಕೊಟ್ಟಿದ್ದರೆ, ಮಾಲೀಕರು ಆ ವರ್ಷ ನಿಜವಾಗಿ ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ 30% ಕಡಿತ ಪಡೆಯಬಹುದು. ಬಾಕಿ ಇಟ್ಟ ತೆರಿಗೆಗೆ ಕಡಿತ ಇಲ್ಲ. ವಹಿವಾಟಿನ ಮೇಲೆ 6% ಅಥವಾ 8% ಲಾಭ ಎಂದು ಅಂದಾಜು ಪದ್ಧತಿಯಲ್ಲಿ ವಿವರ ಸಲ್ಲಿಸುವವರಿಗೆ ಈ ಖರ್ಚು ಬೇರೆಯಾಗಿ ಸಿಗುವುದಿಲ್ಲ, ಆ ಅಂದಾಜಿನಲ್ಲೇ ಸೇರಿಹೋಗಿರುತ್ತದೆ.

ಬಾಡಿಗೆದಾರರು ಕೇಳುವುದು

‘ಮಾಲೀಕರು ಟ್ಯಾಕ್ಸ್ ನೀನೇ ಕಟ್ಟು ಅಂತಾರೆ, ಏನ್ ಮಾಡ್ಲಿ?’ ಆಸ್ತಿ ತೆರಿಗೆಯ ಮೊದಲ ಹೊಣೆ ಮಾಲೀಕರದು. ನೀವು ಕಟ್ಟಬೇಕೋ ಬೇಡವೋ ಎಂಬುದು ಕರಾರಿನಲ್ಲಿ ಬರೆದ ಮಾತಿನ ಮೇಲೆ ನಿಂತಿದೆ. ಕಟ್ಟಲು ಒಪ್ಪಿದ್ದರೆ ‘ಅಂಗಡಿಯ ಇಷ್ಟು ಚದರ ಅಡಿಗೆ ಬರುವ ತೆರಿಗೆ ಮಾತ್ರ’ ಎಂದು ಬರೆಸಿ. ಇಲ್ಲದಿದ್ದರೆ ಮೇಲಿನ ಮನೆಯ ತೆರಿಗೆಯೂ ನಿಮ್ಮ ತಲೆಗೇ ಬರುತ್ತದೆ. ನೀವೇ ಕಟ್ಟಿದ ವರ್ಷದ ರಸೀದಿಯ ಪ್ರತಿ ಇಟ್ಟುಕೊಳ್ಳಿ, ಅದು ನಿಮ್ಮ ವ್ಯಾಪಾರದ ಖರ್ಚಿಗೆ ಸಾಕ್ಷಿ. ಆದರೆ ತೆರಿಗೆ ಕಟ್ಟಿದ ರಸೀದಿಯಿಂದ ಜಾಗದ ಮೇಲೆ ಯಾರಿಗೂ ಹಕ್ಕು ಬರುವುದಿಲ್ಲ. ಇದನ್ನು ಮಾಲೀಕರಿಗೂ ತಿಳಿಸಿ ಹೇಳಿ. ಕೆಲವು ಮಾಲೀಕರು ಅಂಗಡಿ ಭಾಗದ ತೆರಿಗೆಯನ್ನು ಬಾಡಿಗೆದಾರರು ಕಟ್ಟಲು ಬಿಡದಿರುವುದಕ್ಕೆ, ಜಾಗದ ಹಕ್ಕು ಹೋಗಿಬಿಡುತ್ತದೆ ಎಂಬ ಭಯವೇ ಎಷ್ಟೋ ಸಲ ಕಾರಣ.

ನೋಟಿಸು ಬಂದರೆ

ನೀವು ಘೋಷಿಸಿದ್ದಕ್ಕಿಂತ ಕಟ್ಟಡ ದೊಡ್ಡದಿದೆ ಎಂದು ಕಂಡರೆ ಕಚೇರಿ ನೋಟಿಸು ಕೊಡುತ್ತದೆ. ವ್ಯತ್ಯಾಸದ ತೆರಿಗೆಯ ಜೊತೆ ದಂಡವೂ ಇರುತ್ತದೆ. ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ. ಉತ್ತರ ಕೊಡಲು ಅದರಲ್ಲಿ ಗಡುವು ಇರುತ್ತದೆ, ಅದು ದಾಟಿದರೆ ನಿಮ್ಮ ಮಾತು ಕೇಳುವ ಅವಕಾಶ ಹೋಗುತ್ತದೆ. ಅವರ ಅಳತೆ ಸರಿ ಇದ್ದರೆ ಒಪ್ಪಿ ಕಟ್ಟಿ. ತಪ್ಪಿದ್ದರೆ ಹಂತ 4ರಲ್ಲಿ ಬರೆದ ಚಿತ್ರ, ಫೋಟೋ ಲಗತ್ತಿಸಿ ಜಂಟಿ ಅಳತೆಗೆ ಲಿಖಿತವಾಗಿ ಕೇಳಿ. ಅಳತೆಗೆ ಬಂದ ದಿನ ನೀವು ಅಂಗಡಿಯಲ್ಲೇ ಇರಿ, ಟೇಪಿನ ಇನ್ನೊಂದು ತುದಿ ನೀವೇ ಹಿಡಿಯಿರಿ. ಬರೆದುಕೊಂಡ ಅಂಕಿ ಓದಿ ನೋಡಿದ ಮೇಲೆ ಸಹಿ ಮಾಡಿ.